ಮಣ್ಣಿಗೆ ರಜೆ

ದೇವದುರ್ಗದ ಕಡೆಯ ಗೂಗಲ್ ಎಂಬ ಹಳ್ಳಿಯಲ್ಲಿ ಅಬ್ದುಲ್ ವಹೀದ್ ತೀರಿಕೊಂಡ ಸುದ್ದಿ ಬೆಳಿಗ್ಗೆ ಬಂತು. ಸಂಜೆ ಅಸರ್ ನಮಾಜಿನ ಬಳಿಕ ಮಣ್ಣು. ರಾಯಚೂರಿನ ಹತ್ತಿ ಮಿಲ್ಲಿನ ಗುಮಾಸ್ತ ಹಂಪಯ್ಯ, ಜೊತೆಯಲ್ಲಿ ಕವಿತೆ ಓದುತ್ತಲೇ ಮುದುಕನಾದ ಆ ಗೆಳೆಯನ ಮುಖವನ್ನು ಕೊನೆಯ ಸಲ ನೋಡಲೆಂದು ಅರ್ಧ ದಿನದ ರಜೆ ಕೇಳಿದ.

ಮ್ಯಾನೇಜರ್ ಕಿರಣಕುಮಾರ ತಲೆ ಎತ್ತಲಿಲ್ಲ. “ಸತ್ತಾವ್ರು ಏನಾಗಬೇಕ್ರಿ?”

“ಗೆಳೆಯ, ಸರ್.”

“ನಿಯಮದಾಗ ‘ಹತ್ತಿರದವರು’ ಅಂತ ಅದ. ಅದನ್ನ ಹಿಡಕೊಂಡು ಎಲ್ರೂ ವಾರಕ್ಕೊಬ್ಬರ ಮಣ್ಣಿಗೆ ಹೋಗಾಕತ್ತಾರ. ಹತ್ತಿರದವರು ಅಂದ್ರ ಯಾರು, ಸ್ಪಷ್ಟ ಬರೀರಿ. ಸಹಿ ಹಾಕ್ತೀನಿ, ಹೋಗ್ರಿ.”

ಹಂಪಯ್ಯ ‘ರಕ್ತಸಂಬಂಧಿಗಳು ಮತ್ತು ಆಪ್ತ ಗೆಳೆಯರು’ ಎಂದು ಬರೆದ. ಅಷ್ಟರಲ್ಲೇ ನಿಯಮ ತಿದ್ದುವ ಸುದ್ದಿ ಮಿಲ್ಲಿನ ಅರಳೆಯಂತೆ ಹಾರಿ ಎಲ್ಲರ ಮೂಗಿಗೂ ತಲುಪಿತ್ತು.

ಲೆಕ್ಕದ ಗುಲ್ಶನ್ ಬೇಗಂ ಮೇಜಿಗೆ ಆತು ನಿಂತಳು. “ನಮ್ಮ ಓಣ್ಯಾಗ ಹೆಗಲು ಕೊಡೋರು ಬಾಜೂ ಮನಿಯವ್ರು, ಹಂಪಯ್ಯ ಭಾಯಿ. ಅವ್ರನ್ನ ಬಿಟ್ರ ನನ್ನ ಮಯ್ಯತ್ ಎತ್ತಾಕ ನಿಮ್ಮ ನಿಯಮ ಬರ್ತದೇನು?”

ಹಂಪಯ್ಯ ನೆರೆಯವರನ್ನು ಸೇರಿಸಿದ.

“ಮಾನ್ವ್ಯಾಗ ನಮ್ಮ ಬೀಗರ ಬೀಗರು ಅದಾರ,” ಎಂದ ಗೋದಾಮಿನ ಗುರುಸಿದ್ದ. “ನಾ ಹೋಗದಿದ್ರ ನನ್ನ ಹೆಂಡ್ತಿ ನನ್ನ ಮಣ್ಣು ಮಾಡ್ತಾಳ.”

ಬೀಗರ ಬೀಗರೂ ಸೇರಿದರು.

“ಮಾತು ಬಿಟ್ಟೋರು ಸತ್ರ?” ಗುರುಸಿದ್ದ ಮತ್ತೆ ಕೇಳಿದ.

“ಅವ್ರಿಗೂ ಯಾಕ?”

“ಸತ್ತದ್ದು ಖರೇ ಏನು ನೋಡಿ ಬರಬೇಕಲ್ರಿ.”

ಮಧ್ಯಾಹ್ನದ ಹೊತ್ತಿಗೆ ಹಾಳೆಯ ಎರಡೂ ಮೈ ತುಂಬಿದವು. “ಇದು ನಿಯಮ ಅಲ್ರಿ, ಮತದಾರರ ಪಟ್ಟಿ,” ಎಂದು ಕಿರಣಕುಮಾರ ಅದನ್ನು ಹಿಂದಿರುಗಿಸಿದ.

ಹಂಪಯ್ಯ ಕಿಟಕಿಯ ಹೊರಗಿನ ಬಿಸಿಲನ್ನು ನೋಡುತ್ತ ಕುಳಿತ. ತನ್ನ ಹೆಂಡತಿಯನ್ನು ಮಣ್ಣು ಮಾಡಿದ ದಿನ ವಹೀದ್ ಬಂದು ಪಕ್ಕದಲ್ಲಿ ನಿಂತದ್ದು ನೆನಪಾಯಿತು. ಎಲ್ಲವನ್ನೂ ಹೊಡೆದುಹಾಕಿ ಒಂದೇ ಸಾಲು ಬರೆದ: ‘ನಿಮ್ಮ ಮನೆಯ ಮಣ್ಣಿಗೆ ಬಂದವರ ಮಣ್ಣಿಗೆ ಹೋಗಲು ನಿಮಗೆ ರಜೆಯುಂಟು.’

ಕಿರಣಕುಮಾರ ಅದನ್ನು ಎರಡು ಸಲ ಓದಿದ. ಕೆಳಗೆ ತಾನೊಂದು ಸಾಲು ಸೇರಿಸಿದ: ‘ಮೊದಲು ಅರ್ಜಿ ಕೊಟ್ಟವರಿಗೆ ಮೊದಲು, ಕಚೇರಿಯಲ್ಲಿ ಒಬ್ಬರಾದರೂ ಇರತಕ್ಕದ್ದು.’ ಸಹಿ ಹಾಕಿ, “ಶುದ್ಧ ಪ್ರತಿ ಮಾಡಿ ಗೋಡಿಗೆ ಅಂಟಸ್ರಿ. ಅಂದಂಗ, ತೀರಕೊಂಡಾವ್ರು ಯಾರು?” ಎಂದ.

“ಗೂಗಲ್ಲಿನ ಅಬ್ದುಲ್ ವಹೀದ್.”

ಹಂಪಯ್ಯ ತಿದ್ದಿ ತೀಡಿದ ಅಕ್ಷರಗಳಲ್ಲಿ ಪ್ರತಿ ಮಾಡಿ, ಅಂಟಿಸಿ, ತನ್ನ ಅರ್ಜಿ ಹಿಡಿದು ಬಂದಾಗ ಮೇಜಿನ ಮೇಲೆ ಆಗಲೇ ಬೇರೆ ಅರ್ಜಿಗಳಿದ್ದವು.

“ನಮ್ಮವ್ವನ ಮಣ್ಣಿಗೆ ವಹೀದ್ ಸಾಹೇಬ್ರು ನಿಮ್ಮ ಜೋಡಿ ಬಂದಿದ್ರಲ್ರಿ,” ಎಂದ ಗುರುಸಿದ್ದ.

“ನಮ್ಮ ಅಬ್ಬಾನ ಮಯ್ಯತ್ತಿಗೂ,” ಎಂದು ಗುಲ್ಶನ್ ಬೇಗಂ ಸೆರಗು ಹೊದ್ದಳು.

ಕಿರಣಕುಮಾರ ಜೀಪಿನ ಕೀಲಿ ಹುಡುಕುತ್ತಿದ್ದ. “ನಮ್ಮಪ್ಪಂದಕ್ಕೂ ಬಂದಿದ್ರು. ಬರೇ ಗೆಳೆಯ ಅಂದ್ರಿ, ಹೆಸರು ಮೊದ್ಲ ಹೇಳಬಾರದೇನ್ರಿ?”

“ಸರ್, ನಾನು…”

“ಒಬ್ಬರು ಇರಬೇಕಲ್ರಿ.”

ಗುರುಸಿದ್ದ ಅವನ ಭುಜ ಮುಟ್ಟಿದ. “ಚಿಂತಿ ಮಾಡಬ್ಯಾಡ್ರಿ ಯಪ್ಪಾ. ನಿಮ್ಮ ಪಾಲಿನ ಮಣ್ಣು ನಾ ಹಾಕಿ ಬರ್ತೀನಿ.”

ಜೀಪು ದೇವದುರ್ಗದ ರಸ್ತೆ ಹಿಡಿಯಿತು. ಧೂಳು ಇಳಿದ ಮೇಲೆ, ಹತ್ತಿಯ ದರ ಕೇಳಲು ಯಾಪಲದಿನ್ನಿಯಿಂದ ಬಂದ ರೈತನೊಬ್ಬ ಖಾಲಿ ಕುರ್ಚಿಗಳನ್ನು ನೋಡಿದ.

“ಎಲ್ರೂ ಎಲ್ಲಿ ಹೋಗ್ಯಾರ್ರಿ?”

“ನನ್ನ ಗೆಳೆಯನ ಮಣ್ಣಿಗೆ.”

“ಮತ್ತ ನೀವು?”

ಹಂಪಯ್ಯ ಗೋಡೆಯತ್ತ ಕೈ ತೋರಿಸಿದ. ರೈತ ಒಂದೊಂದೇ ಅಕ್ಷರ ಕೂಡಿಸಿ ಕೊನೆಯ ತನಕ ಓದಿದ.

“ಯಾರೋ ಚೊಲೋ ಬರದಾರ್ರಿ,” ಎಂದ. “ಓದಿದ ಕೂಡ್ಲೆ ತಿಳೀತದ.”