ಬಿಸಿಲೇರಿದರೆ ಇಳಿಜಾರು ಹತ್ತದ ಹೈಡ್ರೋಸ್ಟ್ಯಾಟಿಕ್ ಟ್ರಾನ್ಸ್‌ಮಿಷನ್ ಅವರ ಸನ್ನಿಧಾನಕ್ಕೆ

ಮಾನ್ಯರೇ,

ಹುಲ್ಲು ಕತ್ತರಿಸುವ ಪುಟ್ಟ ಟ್ರ್ಯಾಕ್ಟರಿನ ಹೊಟ್ಟೆಯಲ್ಲಿ ಬಿಡಾರ ಹೂಡಿ, ಗೇರು-ಕ್ಲಚ್ಚುಗಳ ಹಂಗಿಲ್ಲದೆ ಬರೀ ಎಣ್ಣೆಯ ಒತ್ತಡದಿಂದಲೇ ಚಕ್ರ ತಿರುಗಿಸುವ ತಮಗೆ, ತಮ್ಮ ಮೇಲೆಯೇ ಕುಳಿತು ದುಡಿಯುವ ಈ ಮೈದಾನದ ಮಾಲಿಯ ಅನಂತ ವಂದನೆಗಳು.

ಬೆಳಗಿನ ತಂಪಿನಲ್ಲಿ ತಮ್ಮ ಗತ್ತು ನೋಡಲು ಎರಡು ಕಣ್ಣು ಸಾಲದು. ಆದರೆ ಬಿಸಿಲೇರಿ, ಗ್ಯಾಲರಿ ಪಕ್ಕದ ಇಳಿಜಾರಿಗೆ ಬರುವ ಹೊತ್ತಿಗೆ ತಾವು ಅರ್ಧದಲ್ಲೇ ಕೈಚೆಲ್ಲಿ, ಎಂಜಿನ್ ಎಷ್ಟು ಅರಚಿಕೊಂಡರೂ ಕಿವಿಗೆ ಹಾಕಿಕೊಳ್ಳದೆ, ನನ್ನನ್ನೂ ಹೊತ್ತುಕೊಂಡು ಹಿಂದಕ್ಕೆ ಜಾರಿ ಬೇಲಿಗೆ ಒರಗುತ್ತಿದ್ದಿರಿ. ಫೈನಲ್ ಪಂದ್ಯದೊಳಗೆ ಆ ಹುಲ್ಲು ಕತ್ತರಿಸದಿದ್ದರೆ ನನ್ನ ಕೆಲಸವನ್ನು ಗುತ್ತಿಗೆದಾರರಿಗೆ ಕೊಡುವುದಾಗಿ ಮ್ಯಾನೇಜರ್ ಸಾಹೇಬರು ಹೇಳಿಬಿಟ್ಟಿದ್ದರು. ಈ ಕೆಲಸ ಬಿಟ್ಟರೆ ನನಗೆ ಬೇರೇನೂ ಬರುವುದಿಲ್ಲ ಸ್ವಾಮಿ.

ಮೆಕ್ಯಾನಿಕ್ ಆಗಿರುವ ನನ್ನ ಹೆಂಡತಿಯ ಅಣ್ಣ ಬಂದಾಗಲೆಲ್ಲ ತಾವು ತೋರಿದ ವಿನಯವನ್ನಂತೂ ಎಷ್ಟು ಹೊಗಳಿದರೂ ಕಡಿಮೆಯೇ. ಅವರು ಎಣ್ಣೆಯ ಮಟ್ಟ ನೋಡಿದರು, ಫಿಲ್ಟರ್ ಬದಲಿಸಿದರು, ಬೆಲ್ಟ್ ಎಳೆದು ನೋಡಿದರು. ತಾವೋ ಏನೂ ಅರಿಯದ ಮಗುವಿನಂತೆ ಸರಸರನೆ ಇಳಿಜಾರು ಹತ್ತಿಬಿಟ್ಟಿರಿ. "ಗಾಡಿಗೇನೂ ಆಗಿಲ್ಲ ಭಾವ, ನಿಮಗೇ ಏನೋ ಆಗಿರ್ಬೇಕು" ಎಂದು ಅವರು ನಕ್ಕಾಗ ನನ್ನ ಮಾನ ಮೂರು ಕಾಸಿಗೆ ಹೋಯಿತು.

ಕೊನೆಗೊಂದು ಮಧ್ಯಾಹ್ನ ಅವರು ಹೇಳದೆ ಕೇಳದೆ ಬಂದು ಬಗ್ಗಿ ನೋಡಿದಾಗ ಗುಟ್ಟು ರಟ್ಟಾಯಿತು. ದರ್ಜಿ ಕೆಲಸದ ನನ್ನ ಹೆಂಡತಿ, ತಮಗೆ ಹುಲ್ಲಿನ ಪುಡಿ ಮೆತ್ತಬಾರದೆಂದು, ನನಗೂ ಹೇಳದೆ ಟೇಪು ಹಿಡಿದು ಅಳತೆ ತೆಗೆದು, ಹತ್ತಿ ತುಂಬಿದ ಕವಚ ಹೊಲಿದು, ತಮ್ಮನ್ನು ತಂಪಾಗಿಡುವ ಫ್ಯಾನಿನ ಸಮೇತ ಮುಚ್ಚಿ ಗುಂಡಿ ಹಾಕಿದ್ದಳು. ಅಣ್ಣನ ಎದುರು ಕೊಳಕು ಬಟ್ಟೆ ಬೇಡವೆಂದು, ಅವರು ಬರುವ ದಿನ ಮಾತ್ರ ಬಿಚ್ಚಿ ಒಗೆದುಹಾಕುತ್ತಿದ್ದಳು! ಉಳಿದ ದಿನವೆಲ್ಲ ಗಾಳಿಯಿಲ್ಲದೆ ಎಣ್ಣೆ ಕಾದು, ನೀರಿನಷ್ಟು ತೆಳ್ಳಗಾಗಿ, ಒತ್ತಡವೇ ನಿಲ್ಲುತ್ತಿರಲಿಲ್ಲ.

"ಇದಕ್ಕೆ ಸ್ವೆಟರ್ ಹಾಕಿದ್ದು ಯಾರಮ್ಮಾ?" ಎಂದರು ಅಣ್ಣ. "ಚಳಿಗಲ್ಲಣ್ಣ, ಧೂಳಿಗೆ" ಎಂದಳು ಆಕೆ. ಆಮೇಲೆ ತಾನೇ ಕತ್ತರಿ ತಂದು ಹೊಲಿಗೆ ಬಿಚ್ಚತೊಡಗಿದಳು. ಆಕೆಯ ಸಪ್ಪೆ ಮುಖ ನೋಡಿ ನನಗೆ ತುಂಬಾ ಸಂಕಟವಾಯಿತು.

ಆದ್ದರಿಂದ ತಮ್ಮಲ್ಲಿ ಬಿನ್ನಹ: ಇನ್ನು ಮುಂದೆ ಸೆಕೆಯಾದರೆ ದಯವಿಟ್ಟು ಬಾಯಿಬಿಟ್ಟು ಹೇಳತಕ್ಕದ್ದು, ಕಾಯಿಲೆ ಬೀಳುವುದಿದ್ದರೆ ಮೆಕ್ಯಾನಿಕ್ ಎದುರಲ್ಲೇ ಬೀಳತಕ್ಕದ್ದು, ಕವಚದೊಳಗೆ ಒಂದು ಎಳೆ ಹುಲ್ಲೂ ನುಗ್ಗಿರಲಿಲ್ಲವೆಂದು ನನ್ನ ಹೆಂಡತಿಗೆ ಸಹಿ ಹಾಕಿದ ಪ್ರಮಾಣಪತ್ರವನ್ನೂ ದಯಪಾಲಿಸತಕ್ಕದ್ದು.

ಇಂತಿ ತಮ್ಮ ವಿಶ್ವಾಸಿ,
ಬೇಲಿಯ ಪರಿಚಯ ಚೆನ್ನಾಗಿರುವ ಮಾಲಿ

ತಾ.ಕ.: ನಿನ್ನೆ ಉರಿಬಿಸಿಲಲ್ಲೇ ಇಳಿಜಾರಿನ ಹುಲ್ಲೆಲ್ಲ ಕತ್ತರಿಸಿದ್ದಾಯಿತು. ಮ್ಯಾನೇಜರ್ ಸಾಹೇಬರು ಖುಷಿಯಾಗಿ ಗುತ್ತಿಗೆಯ ಮಾತು ಕೈಬಿಟ್ಟರು. ಆದರೆ "ಭೇಷ್!" ಎಂದು ಅವರು ತಟ್ಟಿದ್ದು ನನ್ನ ಬೆನ್ನನ್ನಲ್ಲ, ಟ್ರ್ಯಾಕ್ಟರಿನ ಬಾನೆಟ್ಟನ್ನು. ಅದು ಚುರ್ರೆಂದು ಅವರ ಅಂಗೈ ಸುಟ್ಟಿತಲ್ಲ, ಅದೊಂದು ಉಪಕಾರಕ್ಕಾಗಿ ಹಿಂದಿನದೆಲ್ಲವನ್ನೂ ಮನ್ನಿಸಿದ್ದೇನೆ.