ಅಂಟು ಹಚ್ಚಬಾರದ ಜಾಗ

ನನಗೆ ಕಾಯುವುದೆಂದರೆ ಆಗದು. ಚಹಾ ಆರುವಷ್ಟರಲ್ಲಿ ನಾಲಿಗೆ ಸುಟ್ಟುಕೊಂಡಿರುತ್ತೇನೆ. ಘಟಪ್ರಭಾ ಸ್ಟೇಶನ್ನಿನಲ್ಲಿ ಗಾಡಿ ಪೂರ್ತಿ ನಿಲ್ಲುವ ಮೊದಲೇ ಬಾಗಿಲಲ್ಲಿ ನಿಂತು ಹಿಂದಿನವರಿಂದ ಬೈಸಿಕೊಂಡಿರುತ್ತೇನೆ. ಬಣ್ಣ ಒಣಗಿದೆಯೋ ಇಲ್ಲವೋ ಎಂದು ಬೆರಳಿಟ್ಟು ನೋಡಿ ನೋಡಿ ನಮ್ಮ ಮನೆಯ ಒಂದೊಂದು ಕಿಟಕಿಯ ಮೇಲೂ ಹೆಬ್ಬೆಟ್ಟು ಒತ್ತಿದ್ದೇನೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು ಹೀಗಿರಬಾರದು ಎಂದು ನಿಮಗೆ ಅನ್ನಿಸಬಹುದು. ನನ್ನ ಹೆಂಡತಿ ಕಸ್ತೂರಿಗೂ ಹಾಗೇ ಅನ್ನಿಸುತ್ತದೆ. ನೀವು ಮನಸ್ಸಿನಲ್ಲಿಟ್ಟುಕೊಳ್ಳುತ್ತೀರಿ, ಅವಳು ಹೇಳಿಬಿಡುತ್ತಾಳೆ, ಅಷ್ಟೇ.

ಕಸ್ತೂರಿ ಗೋಕಾಕ, ಮೂಡಲಗಿ, ಹುಕ್ಕೇರಿ ಸಂತೆಗಳಲ್ಲಿ ಜೋಳದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮಾರುತ್ತಾಳೆ. ಅವಳ ರೊಟ್ಟಿ ಎಷ್ಟು ತೆಳುವೆಂದರೆ, ಹೊಗಳಲು ನಾನು ಗಂಡ ಎನ್ನುವ ಅಡ್ಡಿ ಇಲ್ಲದಿದ್ದರೆ ಇನ್ನೂ ಒಂದು ಪುಟ ಬರೆಯುತ್ತಿದ್ದೆ. ಮೂರರಲ್ಲಿ ಮೂಡಲಗಿಯದು ಒಳ್ಳೆಯ ಜಾಗ, ಬಸ್ಸಿಳಿದವರ ಕಣ್ಣಿಗೆ ಮೊದಲು ಬೀಳುವಂಥದ್ದು. ಆದರೆ ಸಂತೆಯ ಜಾಗಕ್ಕೆ ಕಾಗದಪತ್ರ ಇರುವುದಿಲ್ಲ. ನೆರಳು ಹಾಕಿಕೊಂಡು ಸಂಜೆಯವರೆಗೆ ಕೂತವರದೇ ಜಾಗ. ಎರಡು ವಾರ ತಪ್ಪಿದರೆ ಜನ ಸುಮ್ಮನಿರುತ್ತಾರೆ, ಮೂರನೆಯ ವಾರವೂ ತಪ್ಪಿದರೆ ಬಾಜೂದವರ ತಾಡಪತ್ರಿ ಅಲ್ಲಿ ಹಾಸಿರುತ್ತದೆ. ಬಿದಿರು ನಿಲ್ಲಿಸಿ ತಾಡಪತ್ರಿ ಕಟ್ಟಲು ಇಬ್ಬರು ಬೇಕು. ಜೊತೆಗೆ ಹೋಗುತ್ತಿದ್ದ ನನ್ನ ತಮ್ಮನ ಹೆಂಡತಿ ಮಗಳ ಬಾಣಂತನಕ್ಕೆಂದು ಸಂಕೇಶ್ವರಕ್ಕೆ ಹೋದಳು. "ಚಿಂತಿ ಬಿಡು, ನೀ ಒಬ್ಬಾಕಿನ ಬಿಚ್ಚಿ ನಿಲ್ಲಸೂವಂಥಾ ಮಡಚು ಗೂಡು ಮಾಡಿಕೊಡ್ತೇನಿ" ಎಂದೆ. ಕಸ್ತೂರಿಯ ಮುಖದಲ್ಲಿ ಚಿಂತೆ ಶುರುವಾದದ್ದು ಆಗಲೇ.

ತೆಳ್ಳಗಿನ ನಾಲ್ಕು ಪ್ಲೈವುಡ್ ಹಲಗೆ ತಂದೆ. ಬೆನ್ನಿಗೊಂದು, ಎಡಬಲಕ್ಕೆರಡು, ಮೇಲೆ ಸೂರಿಗೊಂದು. ಹಲಗೆಗಳು ಮಡಚುವಂತೆ ಸಂದುಗಳಿಗೆ ಕಬ್ಬಿಣದ ಬಿಜಾಗರಿ ಇಟ್ಟು ಸ್ಕ್ರೂ ಬಿಗಿದೆ. ಮೂಡಲಗಿಯ ಗಾಳಿಗೆ ತೆಳು ಹಲಗೆಯಿಂದ ಸ್ಕ್ರೂಗಳೆಲ್ಲ ಕಿತ್ತುಬಂದು, ಸೂರು ಹಾರಿ ಪಕ್ಕದ ಮಾರುತಿ ಕಾಕಾನ ಮೆಣಸಿನಕಾಯಿ ರಾಶಿಯ ಮೇಲೆ ಕೂತಿತಂತೆ. "ಅಕ್ಕಾರ, ಇವತ್ತ ಮನಿಗೆ ನಡೀರಿ, ನಿಮ್ಮ ಸೂರಿಗೆ ರೆಕ್ಕಿ ಬಂದಾವು" ಎಂದನಂತೆ ಆತ. ಒಂದು ವಾರ ಹೋಯಿತು.

ಸ್ಕ್ರೂ ಕೀಳುತ್ತದೆ, ಅಂಟು ಕೀಳುವುದಿಲ್ಲ ಎಂದು ತರ್ಕಿಸಿದೆ. ಕ್ಯಾನ್ವಾಸ್ ಬಟ್ಟೆಯ ಪಟ್ಟಿ ಹರಿದು, ಹೋಳಿಗೆಗೆ ತುಪ್ಪ ಸುರಿದಂತೆ ಅಂಟು ಸುರಿದು, ಹಲಗೆಗಳ ಅಂಚಿಗೆ ಒತ್ತಿದೆ. ಒಣಗುವವರೆಗೆ ಯಾರು ಕಾಯುತ್ತಾರೆ? ಹಸಿ ಇದ್ದಾಗಲೇ ಮಡಚಿ, ಹಗ್ಗ ಬಿಗಿದು, ಮೇಲೆ ರುಬ್ಬುಗುಂಡು ಹೇರಿದೆ. ಸಂತೆಯಲ್ಲಿ ಅದು ತೆರೆಯಲೇ ಇಲ್ಲ. ಕಸ್ತೂರಿ ಎಳೆದಳು, ಮಾರುತಿ ಕಾಕಾ ಎಳೆದ, ಇಬ್ಬರು ಗಿರಾಕಿಗಳೂ ಎಳೆದರು. ನಾಲ್ಕು ಹಲಗೆ ಹೋಗಿ ಒಂದೇ ದಪ್ಪ ಹಲಗೆಯಾಗಿತ್ತು. ಅದನ್ನೇ ಎರಡು ಕಲ್ಲಿನ ಮೇಲಿಟ್ಟು ರೊಟ್ಟಿ ಹರಡಿ, ತಲೆಯ ಮೇಲೆ ಸೆರಗು ಹೊದ್ದು ಮಧ್ಯಾಹ್ನದವರೆಗೆ ಕೂತು, ಬಿಸಿಲು ತಡೆಯಲಾರದೆ ಎದ್ದು ಬಂದಳು. ಎರಡನೆಯ ವಾರವೂ ತಪ್ಪಿದಂತೆಯೇ ಆಯಿತು. ಅಷ್ಟರಲ್ಲಿ ಕಾಕಾನ ತಾಡಪತ್ರಿ ಅವಳ ಜಾಗದೊಳಗೆ ಎರಡು ಮೊಳ ಬಂದಿತ್ತು. ಬೈದಿದ್ದರೆ ಚೆನ್ನಾಗಿತ್ತು, ಬೈಯಲಿಲ್ಲ. "ಮೂರ ವರ್ಷ ಬಿಸಲಾಗ ಕುಂತ ಹಿಡದ ಜಾಗಾ ರೀ ಅದು" ಎಂದಷ್ಟೇ ಹೇಳಿ ಒಳಗೆ ಹೋದಳು. ನನಗೆ ನಾಚಿಕೆಯಾಯಿತು.

ಆ ದಪ್ಪ ಹಲಗೆಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಸ್ಟೇಶನ್ ರಸ್ತೆಯ ಯಲ್ಲವ್ವನ ಮುಂದೆ ಇಳಿಸಿದೆ. ಬೇವಿನ ಮರದ ಕೆಳಗೆ ಕೂತು ಊರಿನ ಚಪ್ಪಲಿಗಳನ್ನೆಲ್ಲ ರಿಪೇರಿ ಮಾಡುವ ಹೆಂಗಸು ಯಲ್ಲವ್ವ. ಆಕೆ ಹಲಗೆಯನ್ನು ತಿರುಗಿಸಿ ಮುರುಗಿಸಿ ನೋಡಿ, "ಮಾಸ್ತರ, ಅಂಟ ಎಲ್ಲೆ ಹಚ್ಚೀರಿ?" ಎಂದಳು. "ಎಲ್ಲಾ ಕಡೆ" ಎಂದೆ, ಹೆಮ್ಮೆಯಿಂದಲೇ. "ಅದ ತಪ್ಪಾಗೇತಿ ನೋಡ್ರಿ. ಚಪ್ಪಲಿ ದಿನಾ ಸಾವಿರ ಸಲ ಬಾಗತೈತಿ. ಬಾಗೂ ಜಾಗಾದಾಗ ಅಂಟ ಹಾಕಿದ್ರ ಅದು ಬಾಗಾಂಗಿಲ್ಲ, ಮುರೀತೈತಿ. ಎಲ್ಲೆ ಹಚ್ಚಬಾರದು ಅನ್ನೂದು ಮೊದಲ ಗೊತ್ತಿರಬೇಕ್ರಿ." ಬಿ.ಎಡ್. ಓದುವಾಗ ನನಗೆ ಇಷ್ಟು ಸ್ಪಷ್ಟವಾಗಿ ಯಾರೂ ಏನನ್ನೂ ಕಲಿಸಿರಲಿಲ್ಲ.

ಚರ್ಮ ಕೊಯ್ಯುವ ಉಳಿಯಿಂದ ಹಲಗೆಗಳನ್ನು ನಿಧಾನವಾಗಿ ಬಿಡಿಸಿದಳು. ಅಂಚನ್ನು ಪಾಲಿಶ್ ಪೇಪರಿನಿಂದ ಉಜ್ಜಿದಳು. ನನ್ನ ಕಿಸೆಯಿಂದ ಬೋರ್ಡಿಗೆ ಬರೆಯುವ ಖಡು ಇಸಿದುಕೊಂಡು, ಬಟ್ಟೆ ಮಡಚುವ ಕಡೆ ಬೆರಳಗಲ ಬಳಿದಳು. ಖಡು ಬಳಿದಲ್ಲಿ ಅಂಟು ಹಿಡಿಯುವುದಿಲ್ಲವಂತೆ. ಉಳಿದ ಕಡೆ ಹಲಗೆಗೂ ಬಟ್ಟೆಗೂ ತೆಳ್ಳಗೆ ಅಂಟು ಸವರಿ ಪಕ್ಕಕ್ಕಿಟ್ಟಳು. ಒತ್ತಲೆಂದು ನಾನು ಕೈ ಚಾಚಿದೆ. ಪಟ್ಟನೆ ಕೈಮೇಲೆ ಹೊಡೆದಳು. "ಆರಲಿ ತಡೀರಿ! ಬೆರಳಿಗೆ ಹತ್ತಬಾರ್ದು, ಆಮ್ಯಾಲೆ ಒತ್ತಬೇಕು." ಎರಡು ನಿಮಿಷ ಬಿಟ್ಟು ಮತ್ತೆ ಚಾಚಿದೆ. ಮತ್ತೆ ಬಿತ್ತು. "ಮಾಸ್ತರ, ನೀವು ಅತ್ತಾಗ ಕೈ ಕಟಗೊಂಡ ಕುಂದರ್ರಿ." ಕೂತೆ. ದಾರಿಯಲ್ಲಿ ಹೋಗುತ್ತಿದ್ದ ನನ್ನ ಶಿಷ್ಯರು ನಮಸ್ಕಾರ ಮಾಡಿ ನಕ್ಕರು. ಕೂತು ನೋಡಿದ್ದಕ್ಕೇ ಗೊತ್ತಾಯಿತು, ಅದು ಎಂಥ ಕೈ! ಒಂದು ಪಟ್ಟಿ ಈ ಹಲಗೆಯ ಮುಖದಿಂದ ಹೊರಟು ಸಂದಿನಲ್ಲಿ ನುಸುಳಿ ಆ ಹಲಗೆಯ ಬೆನ್ನಿಗೆ ಹೋಗುತ್ತಿತ್ತು, ಅದರ ಪಕ್ಕದ್ದು ಆ ಹಲಗೆಯ ಮುಖದಿಂದ ಈ ಹಲಗೆಯ ಬೆನ್ನಿಗೆ ಬರುತ್ತಿತ್ತು. ಆರಿದ ಅಂಟಿಗೆ ಆರಿದ ಅಂಟು ತಾಗಿದ್ದೇ ತಡ, ಹುಟ್ಟಿದಾಗಿನಿಂದ ಹಾಗೇ ಇದ್ದಂತೆ ಕೂಡಿಕೊಂಡಿತು. ಎಷ್ಟು ಎಳೆದರೂ ಬಿಡದು, ಮಡಚಿದರೆ ಪುಸ್ತಕದ ಹಾಗೆ ಮಡಚುತ್ತದೆ. ಅಷ್ಟಾಗಿಯೂ ಯಲ್ಲವ್ವನ ಮುಖದಲ್ಲಿ ಹಮ್ಮಿನ ಸುಳಿವಿಲ್ಲ, ಮುಂದಿನ ಚಪ್ಪಲಿ ಕೈಗೆತ್ತಿಕೊಂಡಿದ್ದಳು.

ಮೂರನೆಯ ವಾರ ನಾನು ರಜೆ ಹಾಕಿ ಮೂಡಲಗಿಗೆ ಹೋದೆ. ಕಸ್ತೂರಿ ನನ್ನನ್ನು ಮುಟ್ಟಗೊಡದೆ ಒಬ್ಬಳೇ ಹಲಗೆ ಬಿಡಿಸಿದಳು. ಗೂಡು ನಿಂತಿತು. ಹನ್ನೊಂದರ ಹೊತ್ತಿಗೆ ಗಾಳಿ ಎದ್ದು ಸಾಲಿನ ತಾಡಪತ್ರಿಗಳೆಲ್ಲ ಪಟಪಟ ಬಡಿದುಕೊಂಡವು. ನಮ್ಮ ಸೂರು ಒಮ್ಮೆ ಬಾಗಿತು, ಮತ್ತೆ ತನ್ನ ಜಾಗಕ್ಕೆ ಬಂತು. ಮಾರುತಿ ಕಾಕಾ ಎದ್ದು ತನ್ನ ತಾಡಪತ್ರಿಯನ್ನು ಎರಡು ಮೊಳ ಹಿಂದಕ್ಕೆ ಎಳೆದುಕೊಂಡ. ಕಸ್ತೂರಿ ಕಣ್ಣೊರೆಸಿಕೊಂಡಳು, ಧೂಳು ಬಿತ್ತು ಎಂದಳು. ಸಂಜೆಯವರೆಗೆ ಅಲ್ಲೇ ಕೂತಳು.

ಹೊರಡುವಾಗ ಕಾಕಾ ಬಿಜಾಗರಿಯ ಬದಲಿಗಿದ್ದ ಬಟ್ಟೆಯ ಪಟ್ಟಿಗಳನ್ನು ಜಗ್ಗಿ ನೋಡುತ್ತ, "ಭಾರೀ ಕೆಲಸ! ಮಾಸ್ತರ, ನೀವ ಮಾಡೀರೇನು?" ಎಂದ. ನಾನು ಬಾಯಿ ತೆರೆಯುವಷ್ಟರಲ್ಲಿ ಕಸ್ತೂರಿ, "ಯಲ್ಲವ್ವ ಮಾಡ್ಯಾಳ್ರಿ ಕಾಕಾ. ಇವರು ಬರೇ ಕೈ ಕಟಗೊಂಡ ಕುಂತಿದ್ರು" ಎಂದಳು. ಸಾಲಿಗೆ ಸಾಲೇ ನಕ್ಕಿತು. ನನಗೆ ಮಾತ್ರ ಅದು ಸಣ್ಣ ಕೆಲಸ ಅನ್ನಿಸಲಿಲ್ಲ. ಇಪ್ಪತ್ತೆರಡು ವರ್ಷದಿಂದ ದಿನಾ ಮಕ್ಕಳಿಗೆ ಕೈ ಕಟ್ಟಿ ಕೂಡಲು ಹೇಳುತ್ತ ಬಂದಿದ್ದೇನೆ, ನಾನೇ ಕೂತು ತೋರಿಸಿದ್ದು ಅದೇ ಮೊದಲು.