ಸದ್ದಿಲ್ಲದ ಬೂಟುಗಳಿಗೆ ರವಾನೆ ಗುಮಾಸ್ತನ ಅಹವಾಲು

ನಮ್ಮ ಮೇಲಧಿಕಾರಿಗಳ ಪಾದಗಳಲ್ಲಿ ಸದ್ಯ ವಿರಾಜಮಾನರಾಗಿರುವ ಬಿಳಿ ಸ್ನೀಕರ್ಸ್ ಜೋಡಿಯವರಿಗೆ, ಎಡದವರು ಬಲದವರು ಎಂಬ ಭೇದವೆಣಿಸದೆ, ರವಾನೆ ವಿಭಾಗದ ಗುಮಾಸ್ತನಾದ ನಾನು ಸಲ್ಲಿಸುವ ಸವಿನಯ ನಮಸ್ಕಾರಗಳು.

ಮಾನ್ಯರೇ,

ತಾವು ಬರುವ ಮೊದಲು ಈ ಕಚೇರಿ ಕಿವಿಯ ಬಲದಿಂದಲೇ ನಡೆಯುತ್ತಿತ್ತು. ಸಾಹೇಬರ ಹಳೆಯ ಚರ್ಮದ ಬೂಟು ಮೆಟ್ಟಿಲ ಮೇಲೆ ಟಕ್ ಎಂದರೆ ಟೈಪಿಸ್ಟ್ ಅಕ್ಕ ಹೆಣಿಗೆಯನ್ನು ಡ್ರಾಯರಿಗೆ ತಳ್ಳುತ್ತಿದ್ದರು, ನೀರಿನ ಕ್ಯಾನಿನ ಹತ್ತಿರ ಟಕ್ ಎಂದರೆ ದಾಖಲೆ ಕೋಣೆಯ ಅಣ್ಣನಿಗೆ ಎಚ್ಚರವಾಗುತ್ತಿತ್ತು, ಬಾಗಿಲಲ್ಲಿ ಟಕ್ ಎನ್ನುವಷ್ಟರಲ್ಲಿ ನಾವೆಲ್ಲ ಕಡತಗಳಲ್ಲಿ ಎಷ್ಟು ಮುಳುಗಿರುತ್ತಿದ್ದೆವೆಂದರೆ ಸಾಹೇಬರು, ಪಾಪ, ಹದಿನೆಂಟು ವರ್ಷ ನಮ್ಮನ್ನು ನಂಬಿದ್ದರು. ಅವರ ಮಂಡಿನೋವಿಗೆಂದು ವೈದ್ಯರು ತಮ್ಮನ್ನು ಬರೆದುಕೊಟ್ಟ ದಿನವೇ ಎಲ್ಲ ಎಕ್ಕುಟ್ಟಿಹೋಯಿತು.

ಕಳೆದ ಸೋಮವಾರ ಮಧ್ಯಾಹ್ನ, ಸಹೋದ್ಯೋಗಿಗಳ ಒತ್ತಾಯಕ್ಕೆ ಕಟ್ಟುಬಿದ್ದು, ಸಾಹೇಬರು ಹೊಟ್ಟೆ ಮುಂದೆ ಬಿಟ್ಟುಕೊಂಡು ಕನ್ನಡಕದ ಮೇಲಿಂದ ಗದರುವ ಪರಿಯನ್ನು ನಾನು ಅಭಿನಯಿಸುತ್ತಿದ್ದೆ. ನಗು ಇದ್ದಕ್ಕಿದ್ದಂತೆ ನಿಂತಾಗ, ನನ್ನ ಬುದ್ಧಿಗಿಷ್ಟು ಮಣ್ಣು ಹಾಕ, ಕಲೆಗೆ ಮನಸೋತು ಮೂಕರಾದರೆಂದು ತಿಳಿದು ಹೊಟ್ಟೆಯನ್ನು ಇನ್ನೊಂದು ಗೇಣು ಮುಂದೆ ಬಿಟ್ಟೆ. ತಾವಿಬ್ಬರೂ ನನ್ನ ಬೆನ್ನ ಹಿಂದೆಯೇ ನಿಂತಿದ್ದಿರಿ. "ಚೆನ್ನಾಗಿದೆ ಕಣ್ರೀ. ಸಂಜೆ ಮೆಮೊ ಬರುತ್ತೆ, ತಗೊಳ್ಳಿ" ಎಂದರು ತಮ್ಮ ಒಡೆಯರು. ಬಂತು. ನಾಳೆಯೊಳಗೆ ಸಮಾಧಾನಕರ ಉತ್ತರ ಕೊಡದಿದ್ದರೆ, ಒಂಬತ್ತು ವರ್ಷ ಕಾದ ನನ್ನ ಬಡ್ತಿ ಕೈತಪ್ಪುತ್ತದೆ.

ಮನೆಯಲ್ಲಿ ಗೋಳು ತೋಡಿಕೊಂಡರೆ ಮಗಳು ನಿಘಂಟು ತೆರೆದು, "ಹೆಸರಲ್ಲೇ ಇದೆಯಲ್ಲಪ್ಪಾ! ಸ್ನೀಕ್ ಅಂದ್ರೆ ಕಳ್ಳಹೆಜ್ಜೆ ಹಾಕೋದು. ರಬ್ಬರ್ ಅಟ್ಟೆ ಸದ್ದು ಮಾಡಲ್ಲ ಅಂತ ನೂರು ವರ್ಷಕ್ಕೂ ಹಿಂದೇನೇ ಹಾಗೆ ಕರೆದ್ರು" ಎಂದಳು. ನಾವೆಲ್ಲ ಅದನ್ನು ಯಾವುದೋ ಕಂಪನಿಯ ಹೆಸರೆಂದುಕೊಂಡಿದ್ದೆವು! ತಮ್ಮ ಪ್ರಾಮಾಣಿಕತೆಗೆ ತಲೆಬಾಗುತ್ತೇನೆ. ಮಾಡಲಿರುವ ಕೆಲಸವನ್ನು ಡಬ್ಬಿಯ ಮೇಲೆಯೇ ಅಚ್ಚುಹಾಕಿಸಿಕೊಂಡು ಹಾಡಹಗಲೇ ಕಚೇರಿಗೆ ಬರುವ ಧೈರ್ಯ ಇನ್ಯಾರಿಗಿದೆ? ಓದದೇ ಹೋದದ್ದು ನಮ್ಮ ತಪ್ಪು.

ಆದಕಾರಣ ತಾವು ದಯಮಾಡಿ ದಿನಕ್ಕೆರಡು ಸಲವಾದರೂ ಕಿರುಗುಟ್ಟಬೇಕು. ಅದು ಘನತೆಗೆ ಕುಂದೆನಿಸಿದರೆ ತಮ್ಮ ಆಗಮನದ ವಿವರವನ್ನು ಮೂರು ದಿನ ಮುಂಚಿತವಾಗಿ, ಎರಡು ಪ್ರತಿಗಳಲ್ಲಿ, ನನ್ನ ವಿಭಾಗಕ್ಕೆ ಸಲ್ಲಿಸಬೇಕು, ಸ್ವೀಕೃತಿಯ ಮುದ್ರೆಯನ್ನು ನಾನೇ ಒತ್ತಿಕೊಡುತ್ತೇನೆ. ಅದೂ ಆಗದಿದ್ದರೆ ನಿಘಂಟಿನ ಮುಂದಿನ ಮುದ್ರಣದೊಳಗೆ ತಮ್ಮ ಹೆಸರಿನ ಅರ್ಥವನ್ನಾದರೂ ಬದಲಾಯಿಸಿಕೊಳ್ಳಬೇಕೆಂದು ಕೋರುತ್ತೇನೆ.

ತಮ್ಮ ಹೆಜ್ಜೆಗೆ ಕಿವಿಗೊಟ್ಟು ಕೆಟ್ಟ,
ತಮ್ಮ ವಿಶ್ವಾಸಿ,
ರವಾನೆ ಗುಮಾಸ್ತ

ತಾ.ಕ.: ಮೇಲಿನದು ನಿನ್ನೆ ಬರೆದದ್ದು. ಸಂಜೆ ಅಂಗಡಿಗೆ ಹೋಗಿ ತಮ್ಮ ಬಂಧುಗಳಿಬ್ಬರನ್ನು ಕೊಂಡು, ಇಂದು ಬೆಳಿಗ್ಗೆ ಅವರನ್ನೇ ಮೆಟ್ಟಿಕೊಂಡು, ಮೆಮೊಗೆ ಉತ್ತರ ಕೊಡಲು ಸಾಹೇಬರ ಕೋಣೆಯೊಳಗೆ ಹೋದೆ. ಅವರು ಕಪಾಟಿನ ಗಾಜಿನ ಮುಂದೆ ಸೊಂಟದ ಮೇಲೆ ಕೈಯಿಟ್ಟು, ಮೂಗಿನಲ್ಲಿ ಮಾತಾಡುತ್ತ, ನಮ್ಮ ನಿರ್ದೇಶಕರನ್ನು ಅಭಿನಯಿಸುತ್ತಿದ್ದರು. ಬಹಳ ಸೊಗಸಾಗಿತ್ತು, ಪೂರ್ತಿ ನೋಡಿಯೇ ಕೆಮ್ಮಿದೆ. ಮೆಮೊ ವಾಪಸಾಯಿತು, ಬಡ್ತಿಯ ಕಡತಕ್ಕೆ ನನ್ನ ಪೆನ್ನಿನಲ್ಲೇ ಸಹಿ ಬಿತ್ತು. ನಾಳೆ ನಿರ್ದೇಶಕರು ತಪಾಸಣೆಗೆ ಬರುತ್ತಾರಂತೆ. ಅವರು ಎಂಥ ಬೂಟು ಹಾಕುತ್ತಾರೆಂದು ಸಾಹೇಬರು ಬೆಳಗಿನಿಂದ ನನ್ನನ್ನೇ ಕೇಳುತ್ತಿದ್ದಾರೆ.